ಪಾರ್ಕಿನಲ್ಲಿ ಬೆಲ್ಟ್ ಬಿಚ್ಚಿದ ನಾಯಿ

ಪ್ರಶ್ನೆ: ನಾನು ವಾಕಿಂಗ್ ಹೋಗುವ ಪಾರ್ಕಿನಲ್ಲಿ ಒಬ್ಬರು ಜರ್ಮನ್ ಶೆಫರ್ಡನ್ನು ಬೆಲ್ಟ್ ಬಿಚ್ಚಿ ಬಿಡುತ್ತಾರೆ. ಕೇಳಿದರೆ ‘ಏನೂ ಮಾಡಲ್ಲ’ ಅಂತಾರೆ. ಮೊನ್ನೆ ಗುರ್ರೆಂದು ಮೈಮೇಲೆ ಬಂತು. ಏನು ಮಾಡಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಓಡಬೇಡಿ, ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ. ಮೈ ಸ್ವಲ್ಪ ಓರೆ ಮಾಡಿ ನಿಂತು, ಕಣ್ಣಲ್ಲಿ ಕಣ್ಣಿಡದೆ, ಬೆನ್ನು ತೋರಿಸದೆ ನಿಧಾನ ಹಿಂದೆ ಸರಿಯಿರಿ. ಬ್ಯಾಗೋ ಕೊಡೆಯೋ ಇದ್ದರೆ ನಡುವೆ ಅಡ್ಡ ಹಿಡಿಯಿರಿ, ಬೀಸಬೇಡಿ. ಬಾಲ ಆಡಿಸುತ್ತಿದೆಯಲ್ಲ ಎಂದು ಮೋಸಹೋಗಬೇಡಿ: ಬಾಲ ನೆಟ್ಟಗೆ ನಿಂತು ತುದಿಯಷ್ಟೇ ಅದುರುತ್ತಿದ್ದರೆ ಅದು ಸಲಿಗೆಯಲ್ಲ.

ಹಲ್ಲು ತಾಗಿದರೆ, ಪರಚಿದರೂ ಸರಿ, ಸೋಪು ಹಚ್ಚಿ ನಲ್ಲಿ ನೀರಿನಡಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಬೇಡವೇ ಬೇಡ. ‘ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ’ ಎಂಬ ಮಾತು ನಂಬಿ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ರೇಬೀಸ್ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವೈರಸ್ಸನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ.

ದೂರಿಗೆ ತಾರೀಖು, ಹೊತ್ತು, ಮೊಬೈಲ್ ವಿಡಿಯೊ ಇಟ್ಟುಕೊಳ್ಳಿ. ಸಾಕುಪ್ರಾಣಿಯ ಬಗ್ಗೆ ಇಂಥ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ: 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾಲ್ಕೈದು ವಾಕಿಂಗ್ ಗೆಳೆಯರ ಸಹಿಯೂ ಇದ್ದರೆ ಠಾಣೆಯಲ್ಲಿ ದೂರಿಗೆ ತೂಕ ಬರುತ್ತದೆ.