ಬಡತನದಿಂದ ಲೈಂಗಿಕ ವೃತ್ತಿಗೆ ಬಂದವಳು ‘ಇದು ನನ್ನದೇ ಆಯ್ಕೆ’ ಎಂದರೆ ನಂಬಬಹುದೇ?

ನಂಬಿ. ಅಂಥ ಕೆಲವರಿಗೆ ಹೊಲಿಗೆ ಯಂತ್ರ ಕೊಡಿಸಬೇಕೆಂದು ನಿಮ್ಮ ಮಹಿಳಾ ಮಂಡಳ ಯೋಚಿಸುತ್ತಿದೆ ಎಂದೂ ಪ್ರಶ್ನೆಯಲ್ಲಿ ಬರೆದಿದ್ದೀರಿ. ಅದಕ್ಕಾಗಿಯೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನು ಹುಬ್ಬಳ್ಳಿಯ ಎಚ್‌ಐವಿ ಪರೀಕ್ಷಾ ಕೇಂದ್ರವೊಂದರಲ್ಲಿ ಕೆಲವು ವರ್ಷ ಆಪ್ತ ಸಮಾಲೋಚಕಿಯಾಗಿದ್ದೆ. ಸರ್ಕಾರಿ ಕಾಗದಗಳು ‘ದಮನಿತ ಮಹಿಳೆಯರು’ ಎಂದು ಕರೆಯುವವರು ಅಲ್ಲಿಗೆ ಬರುತ್ತಿದ್ದರು. ತಮ್ಮ ದುಡಿಮೆಗೆ ಅವರು ಹೇಳುತ್ತಿದ್ದ ಹೆಸರು ‘ದಂಧೆ’, ಇಲ್ಲವೇ ಬರೀ ‘ಕೆಲಸ’.

ಹಾವೇರಿ ಕಡೆಯ ಒಬ್ಬಾಕೆಯ ಗುರುತು ಸಿಗದಷ್ಟು ಮಾತ್ರ ಹೇಳುತ್ತೇನೆ. ಸುಗ್ಗಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕೂಲಿ ಕಿಲೋ ಲೆಕ್ಕ. ಬೆರಳಿನ ಉರಿಗೆ ಹೆದರಿ ಸಂಜೆ ಕೂಸನ್ನು ಮುಟ್ಟುತ್ತಿರಲಿಲ್ಲವಂತೆ. ಸುಗ್ಗಿ ಮುಗಿದರೆ ಕೂಲಿ ನಿಲ್ಲುತ್ತದೆ, ಸಾಲದ ವಾರದ ಕಂತು ನಿಲ್ಲುವುದಿಲ್ಲ. “ಮೇಡಂ, ನನ್ನನ್ನು ಯಾರೂ ಎಳೆದು ತಂದಿಲ್ಲ, ನಾನೇ ಲೆಕ್ಕ ಹಾಕಿ ಬಂದೆ” ಎಂದಳು. ಇನ್ನೊಂದು ದಿನ ಅವಳೇ ಹೇಳಿದ್ದು: ಕಾಂಡೋಮ್ ಬೇಡವೆನ್ನುವ ಗಿರಾಕಿಯನ್ನು ಬುಧವಾರ ವಾಪಸ್ ಕಳುಹಿಸುತ್ತಾಳೆ, ಭಾನುವಾರ ಆಗುವುದಿಲ್ಲ. ಸೋಮವಾರ ಬೆಳಿಗ್ಗೆ ಕಂತು.

ಆ ಭಾನುವಾರ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅಲ್ಲಿಂದಾಚೆಗೆ ‘ಇದಕ್ಕೆ ಹೇಗೆ ಬಂದಿರಿ’ ಎಂದು ಯಾರನ್ನೂ ಕೇಳಲಿಲ್ಲ, ‘ಬೇಡ ಎನ್ನಲು ಆಗದ ದಿನ ಯಾವುದು’ ಎಂದು ಕೇಳುತ್ತಿದ್ದೆ. ಬಾಡಿಗೆಯ ದಿನ, ಮಗಳ ಶಾಲೆಯ ಶುಲ್ಕದ ದಿನ, ಹೆಚ್ಚಿನವರಿಗೆ ಕಂತಿನ ಹಿಂದಿನ ದಿನ. ಕಿರುಸಾಲ (ಮೈಕ್ರೋಫೈನಾನ್ಸ್) ವಸೂಲಿಯ ಕಿರುಕುಳ ತಾಳಲಾರದೆ ಹಾವೇರಿ ಜಿಲ್ಲೆಯ ಹೆಂಗಸರು 2025ರ ಜನವರಿಯಲ್ಲಿ ಮುಖ್ಯಮಂತ್ರಿಗೆ ಮಾಂಗಲ್ಯವನ್ನೇ ಅಂಚೆಯಲ್ಲಿ ಕಳುಹಿಸಿದ್ದು ನೆನಪಿರಬಹುದು. ಮರುತಿಂಗಳೇ ಆ ಕಿರುಕುಳ ತಡೆಯುವ ಸುಗ್ರೀವಾಜ್ಞೆ ಬಂತು. ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದವಳು ಇವಳೇ.

ಆಯ್ಕೆಯ ಮಾತೇ ಸಲ್ಲದ ಸಂದರ್ಭಗಳೂ ಇವೆ. ಎಳೆಯ ಹುಡುಗಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವುದನ್ನು 1982ರ ಕಾಯ್ದೆ ನಿಷೇಧಿಸಿದೆ. ಅಲ್ಲಿ ನಿರ್ಧಾರ ಹಿರಿಯರದು, ಬದುಕು ಅವಳದು. ಮೋಸದಿಂದ ಮಾರಲ್ಪಟ್ಟವರದೂ ಹಾಗೆಯೇ. ಅವರನ್ನು ಬಿಡಿಸಿ ತರಲೇಬೇಕು.

ಆದರೆ ವಯಸ್ಕ ಹೆಣ್ಣು ಒಪ್ಪಿ ಮಾಡುತ್ತಿದ್ದರೆ ಪೊಲೀಸರು ಅವಳನ್ನು ಬಂಧಿಸಬಾರದು, ಪೀಡಿಸಬಾರದು ಎಂಬ ಸಮಿತಿಯ ಶಿಫಾರಸು ಸುಪ್ರೀಂ ಕೋರ್ಟಿನ 2022ರ ಮೇ 19ರ ಆದೇಶದಲ್ಲಿದೆ. ವೇಶ್ಯಾಗೃಹ ನಡೆಸುವುದು ಈಗಲೂ ಅಪರಾಧ. ತಾಯಿ ಈ ವೃತ್ತಿಯಲ್ಲಿದ್ದಾಳೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಅವಳಿಂದ ಬೇರೆ ಮಾಡಬಾರದು ಎಂಬ ಮಾತೂ ಆ ಆದೇಶದಲ್ಲಿದೆ. ಇದನ್ನು ಓದಿ ಹೇಳಿದಾಗ ಒಬ್ಬಳು ಅತ್ತಳು. ಅವಳ ಭಯ ಪೊಲೀಸರದ್ದಾಗಿರಲಿಲ್ಲ, ಮಗನದ್ದಾಗಿತ್ತು.

ಇನ್ನು ನಿಮ್ಮ ಹೊಲಿಗೆ ಯಂತ್ರ. ಕೊಡಿ, ಬೇಡವೆನ್ನುವುದಿಲ್ಲ. ಆದರೆ ಬಟ್ಟೆ ಹೊಲಿಸಲು ಓಣಿಯವರು ಅವಳ ಮನೆಗೆ ಬರುತ್ತಾರೆಯೇ? ಪಡಿತರ ಚೀಟಿಯಲ್ಲಿ ಅವಳು ಯಜಮಾನಿಯಾಗಿದ್ದಾಳೆಯೇ, ಇಲ್ಲ ಹೆಸರು ಇನ್ನೂ ಅತ್ತೆಯ ಚೀಟಿಯಲ್ಲೇ ಇದೆಯೇ? ಯಜಮಾನಿಯಲ್ಲದಿದ್ದರೆ ಗೃಹಲಕ್ಷ್ಮಿಯ 2000 ರೂಪಾಯಿ ಅವಳಿಗೆ ಸಿಗುವುದಿಲ್ಲ. ನಿಮ್ಮ ಮಂಡಳದಿಂದ ಇಬ್ಬರು ಅವಳ ಜೊತೆ ತಹಶೀಲ್ದಾರ್ ಕಚೇರಿಗೆ ಹೋಗಿ ನಿಂತರೆ ಆ ಕೆಲಸ ಆದೀತು. ಎಲ್ಲಕ್ಕಿಂತ ಮೊದಲು, ಅವಳ ಕಂತು ಯಾವ ವಾರ, ಎಷ್ಟು ಎಂದು ಕೇಳಿಕೊಳ್ಳಿ.