ಜಾರುಬಂಡಿ ಕೂರಿಸೋಕೆ ಆರ್ಕಿಟೆಕ್ಟ್ ಬೇಕಾ?

ನಮಸ್ಕಾರ. ನಿಮ್ಮ ಮಗಳು ಆರ್ಕಿಟೆಕ್ಚರ್ ಓದಿನ ಕೊನೆಯ ವರ್ಷದಲ್ಲಿದ್ದಾಳೆ, ಮುಂದೆ ಮಕ್ಕಳು ಆಡುವ ಜಾಗಗಳನ್ನೇ ವಿನ್ಯಾಸ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ ಎಂದು ಬರೆದಿದ್ದೀರಿ. ಜಾರುಬಂಡಿ, ಉಯ್ಯಾಲೆ ಕೂರಿಸೋಕೆ ಇಷ್ಟು ವರ್ಷ ಓದಬೇಕಾ, ಅದನ್ನೇ ನೆಚ್ಚಿಕೊಂಡು ಮೇಲೆ ಬಂದವರು ಇದ್ದಾರಾ ಎಂದೂ ಕೇಳಿದ್ದೀರಿ.

ಕೂರಿಸೋಕೆ ಓದು ಬೇಡ, ಕ್ಯಾಟಲಾಗ್ ಸಾಕು. ಎಲ್ಲಿ ಏನನ್ನು ಕೂರಿಸಬಾರದು ಅನ್ನೋದಕ್ಕೆ ಓದು ಬೇಕು.

ಮೇಲೆ ಬಂದವರು ಇದ್ದಾರೆ. ನೆದರ್ಲೆಂಡ್ಸಿನ ಆರ್ಕಿಟೆಕ್ಟ್ ಆಲ್ಡೊ ವಾನ್ ಐಕ್ ಆಮ್‌ಸ್ಟರ್‌ಡ್ಯಾಮ್ ನಗರಾಡಳಿತದಲ್ಲಿ ಕೆಲಸಕ್ಕೆ ಸೇರಿದಾಗ ಇನ್ನೂ ಮೂವತ್ತಾಗಿರಲಿಲ್ಲ. 1947ರಲ್ಲಿ ಒಂದು ಪುಟ್ಟ ಚೌಕದಲ್ಲಿ ಅವರ ಮೊದಲ ಆಟದ ಜಾಗ ಸಿದ್ಧವಾಯಿತು. ನಮ್ಮ ಬೀದಿಗೂ ಬೇಕು ಅಂತ ಜನ ಪತ್ರ ಬರೆಯತೊಡಗಿದರು. ಎರಡನೇ ಮಹಾಯುದ್ಧ ಮುಗಿದ ಹೊಸತು, ಮನೆ ಬಿದ್ದು ಖಾಲಿಯಾದ ನಿವೇಶನಗಳು ಊರ ತುಂಬ ಇದ್ದವು. ಮೂವತ್ತು ವರ್ಷಗಳಲ್ಲಿ 700ಕ್ಕೂ ಹೆಚ್ಚು ಜಾಗಗಳಾದವು.

ಅಲ್ಲಿ ಇದ್ದದ್ದಾದರೂ ಏನು? ಮರಳಿನ ಗುಂಡಿ, ಗಿರಕಿ ಹೊಡೆಯಲು ಕಬ್ಬಿಣದ ಕಂಬಿಗಳು, ಒಂದರಿಂದ ಒಂದಕ್ಕೆ ನೆಗೆಯಲು ದುಂಡನೆ ಕಾಂಕ್ರೀಟ್ ದಿಮ್ಮಿಗಳು, ಹತ್ತಲು ಕಮಾನು. ಅಷ್ಟೇ. ಮರಳಿನ ಗುಂಡಿಯ ಕಟ್ಟೆಯನ್ನೇ ನೋಡಿ. ಅದನ್ನು ಬೇಕೆಂದೇ ಅಗಲ ಮಾಡಿದ್ದರು. ಚಿಕ್ಕವರಿಗೆ ಅದು ಮರಳಿನ ಅಡುಗೆ ಜೋಡಿಸುವ ಮೇಜು. ಸ್ವಲ್ಪ ದೊಡ್ಡವರಿಗೆ ಸುತ್ತ ಓಡುವ ದಾರಿ. ಅಪ್ಪ ಅಮ್ಮನಿಗೆ ಕೂರುವ ಜಾಗ. ಒಂದೇ ಕಟ್ಟೆ, ಮೂರು ಕೆಲಸ, ಒಂದು ಫಲಕವೂ ಇಲ್ಲ. ಗುಂಡಿಯನ್ನು ಜಾಗದ ನಟ್ಟನಡುವೆ ಇಡದೆ ಪಕ್ಕಕ್ಕೆ ಸರಿಸುತ್ತಿದ್ದರು. ಉಳಿದ ಬಯಲಲ್ಲಿ ಮಕ್ಕಳು ತಮಗೆ ತೋಚಿದ ಆಟ ಹೂಡಲಿ ಅಂತ. ಆನೆ, ಮೊಸಳೆ ಆಕಾರದ ಸಾಮಾನು ವಾನ್ ಐಕ್ ಅವರಿಗೆ ಹಿಡಿಸುತ್ತಿರಲಿಲ್ಲ. ನನಗೂ ಅದೇ ಸರಿ ಅನಿಸುತ್ತದೆ. ಆನೆ ಯಾವಾಗಲೂ ಆನೆಯೇ. ಬರೀ ಕಮಾನು ಬೆಳಿಗ್ಗೆ ಕೋಟೆ, ಸಂಜೆ ಹಡಗು.

ಹೆಚ್ಚಿನ ಕಡೆ ಸುತ್ತ ಬೇಲಿಯೂ ಇರಲಿಲ್ಲ. ಹಾದುಹೋಗುವ ಮುದುಕರೂ ಬಂದು ಕೂರುತ್ತಿದ್ದರು.

ಇದನ್ನು ಮಾಡುತ್ತಲೇ ಅವರು ಆಮ್‌ಸ್ಟರ್‌ಡ್ಯಾಮಿನ ಅನಾಥಾಲಯವನ್ನೂ ಕಟ್ಟಿದರು. 1960ರಲ್ಲಿ ಮುಗಿದ ಆ ಕಟ್ಟಡ ಇವತ್ತಿಗೂ ಆರ್ಕಿಟೆಕ್ಚರ್ ಪಾಠಗಳಲ್ಲಿ ಬರುತ್ತದೆ. 1990ರಲ್ಲಿ ಆರ್ಕಿಟೆಕ್ಟರಿಗೆ ಕೊಡುವ ಬ್ರಿಟನ್ನಿನ ರಾಯಲ್ ಚಿನ್ನದ ಪದಕವೂ ಬಂತು. ಈಚಿನ ಉದಾಹರಣೆ ಬೇಕಾದರೆ ಟೋಕಿಯೊದ ಬಳಿಯ ಫುಜಿ ಶಿಶುವಿಹಾರ ಇದೆ. ಜಪಾನಿನ ಆರ್ಕಿಟೆಕ್ಟ್ ತೆಜುಕಾ ದಂಪತಿ 2007ರಲ್ಲಿ ಮುಗಿಸಿದ್ದು. ಮೊಟ್ಟೆಯಾಕಾರದ ಚಾವಣಿಯೇ ಓಡುವ ಮೈದಾನ, ಮರಗಳು ಅದನ್ನು ತೂರಿಕೊಂಡು ಮೇಲೆ ಬಂದಿವೆ.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ವಾನ್ ಐಕ್ ಮಾಡಿದ ಜಾಗಗಳಲ್ಲಿ ಈಗ ಉಳಿದಿರುವುದು ಕೆಲವೇ. ಆಟದ ಜಾಗ ತೆಗೆದುಹಾಕೋದು ಸುಲಭ, ಯಾರೂ ಜಾಸ್ತಿ ಗಲಾಟೆ ಮಾಡೋಲ್ಲ. ಸಂಬಳದ ಲೆಕ್ಕಕ್ಕೆ ಮಗಳು ಬೇರೆ ಕಟ್ಟಡಗಳನ್ನೂ ಮಾಡಬೇಕಾಗಬಹುದು, ಅವರೂ ಮಾಡಿದರು.

ಅವಳ ನಕ್ಷೆ ಇದ್ದರೆ ಕಳಿಸಲಿ, ಸಂತೋಷವಾಗಿ ನೋಡುತ್ತೇನೆ. ಅದರಲ್ಲಿ ನೀವು ಕೂರೋದು ಎಲ್ಲಿ ಅಂತಲೂ ಒಮ್ಮೆ ಕೇಳಿ ನೋಡಿ.

– ಸಂ.