ಬೆಂಗಳೂರಿನ ಲಾಫ್ಟ್ ಫ್ಲಾಟ್: ಮೇಲಿನ ಜಾಗಕ್ಕೆ ದುಡ್ಡು ಕೊಡುವ ಮುಂಚೆ

ಪ್ರಶ್ನೆ: ನಮ್ಮ ಮನೆ ಕಲಬುರಗಿಯ ಸೇಡಂ ರಸ್ತೆಯಲ್ಲಿದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅಲ್ಲೇ ಒಂದು ಲಾಫ್ಟ್ ಮಾದರಿಯ (ಎತ್ತರದ ಚಾವಣಿಯ ಒಳಗೇ ಮೇಲೊಂದು ಅಂತಸ್ತು ಇರುವ) ಹೊಸ ಫ್ಲಾಟ್ ನೋಡಿದ್ದಾನೆ. ಕೆಳಗೆ 640 ಚದರ ಅಡಿ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ 210. ಎರಡನ್ನೂ ಕೂಡಿಸಿ 850 ಚದರ ಅಡಿ ಅಂತ ಲೆಕ್ಕ ಹಾಕಿ, ಚದರ ಅಡಿಗೆ 9,000 ರೂಪಾಯಿಯಂತೆ ಬಿಲ್ಡರ್ ಕೇಳುತ್ತಿದ್ದಾರೆ. 10 ಲಕ್ಷ ಅಡ್ವಾನ್ಸ್ ಕೊಟ್ಟರೆ ಆಮೇಲೆ ಅಗ್ರಿಮೆಂಟ್ ಅಂತಾರೆ. ಊರಲ್ಲಿರುವ ಸೈಟ್ ಮಾರಿ ಕೊಡೋಣ ಅಂದುಕೊಂಡಿದ್ದೇನೆ. ತಗೊಳ್ಳಬಹುದಾ?
– ನಿವೃತ್ತ ಶಿಕ್ಷಕರು, ಕಲಬುರಗಿ

ಉತ್ತರ: ಈಗಲೇ ಬೇಡ. ಮೇಲಿನ 210 ಚದರ ಅಡಿಗೇ 18 ಲಕ್ಷ 90 ಸಾವಿರ ಆಗುತ್ತದೆ. ಆ ಜಾಗ ಕಾಗದದ ಮೇಲೆ ಏನು ಅಂತ ಮೊದಲು ತಿಳಿದುಕೊಳ್ಳಿ.

ಮಗನಿಗೆ ಒಂದು ಟೇಪ್ ತಗೊಂಡು ಹೋಗಲು ಹೇಳಿ. ಮೇಲಿನ ನೆಲದಿಂದ ಚಾವಣಿಗೆ ಎಷ್ಟಿದೆ ಅಂತ ಅಳೆಯಲಿ. ಮೆಟ್ಟಿಲ ಹತ್ತಿರ ಒಂದು ಸಲ, ಬೀಮ್ ಕೆಳಗೆ ಇನ್ನೊಂದು ಸಲ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಮೆಜನೈನ್ ಮಹಡಿಗೆ (ಇಂಥ ನಡುವಿನ ಅಂತಸ್ತಿಗೆ) ಕನಿಷ್ಠ 2.2 ಮೀಟರ್, ಅಂದರೆ ಸುಮಾರು 7 ಅಡಿ 3 ಇಂಚು ಎತ್ತರ ಬೇಕು. 1.5 ಮೀಟರ್ ಒಳಗಿನದ್ದು ಸಾಮಾನು ಇಡುವ ಅಟ್ಟ. ಕೆಳಗೂ ಮೇಲೂ ಆ ಎತ್ತರ ಸಿಗಬೇಕಾದರೆ ಒಟ್ಟು 15 ಅಡಿಯಾದರೂ ಬೇಕು. 12 ಅಡಿಯ ಮನೆಯಲ್ಲಿ ಎರಡು ಅಂತಸ್ತು ಮಾಡಿದ್ದರೆ ಎಲ್ಲೋ ಒಂದು ಕಡೆ ತಲೆ ಬಗ್ಗಿಸಿಯೇ ಓಡಾಡಬೇಕು. ನೋಡಲು ಹೋದ ದಿನ ಕಿಟಕಿ, ಬೆಳಕು ನೋಡಿ ಖುಷಿಯಾಗುತ್ತದೆ, ಇದು ಗೊತ್ತೇ ಆಗಲ್ಲ.

ಆಮೇಲೆ ಮಂಜೂರಾದ ನಕ್ಷೆ ಕೇಳಿ. ಅದರಲ್ಲಿ ಕಟ್ಟಡವನ್ನು ಸೀಳಿ ತೋರಿಸಿದ ಸೆಕ್ಷನ್ ಚಿತ್ರ ಇರುತ್ತದೆ, ಎತ್ತರಗಳನ್ನು ಅಲ್ಲೇ ಬರೆದಿರುತ್ತಾರೆ. ಮೇಲಿನ ಅಂತಸ್ತು ಆ ಚಿತ್ರದಲ್ಲಿ ಇಲ್ಲ ಅಂದರೆ ಅದಕ್ಕೆ 9,000 ರೂಪಾಯಿ ದರ ಖಂಡಿತ ಕೊಡಬೇಡಿ. ಕಬ್ಬಿಣ, ಹಲಗೆ, ಕೂಲಿಯ ಖರ್ಚು ಎಷ್ಟೋ ಅಷ್ಟಕ್ಕೆ ಚೌಕಾಸಿ ಮಾಡಿ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಪ್ರಕಾರ ಬಿಲ್ಡರ್ ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಕೆಗೆ ಸಿಗುವ ಜಾಗ) ತಿಳಿಸಲೇಬೇಕು. ಬಾಲ್ಕನಿ, ಹೊರಗೋಡೆ ಅದರಲ್ಲಿ ಸೇರಲ್ಲ. ಅಗ್ರಿಮೆಂಟಿನಲ್ಲಿ 640 ಅಂತಷ್ಟೇ ಇದ್ದರೆ ನೀವು ಕೊಳ್ಳುತ್ತಿರುವುದು 640, ಅಷ್ಟೇ.

ಅಡ್ವಾನ್ಸ್ ವಿಷಯ ಸುಲಭ. ಅಗ್ರಿಮೆಂಟ್ ನೋಂದಣಿ ಆಗುವ ಮುಂಚೆ ಬೆಲೆಯ ಶೇ 10ಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಇಲ್ಲಿ ಅದು 7.65 ಲಕ್ಷ. ಯೋಜನೆ ಕರ್ನಾಟಕ ರೇರಾದಲ್ಲಿ ನೋಂದಣಿಯಾಗಿದೆಯಾ, ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ) ಇದೆಯಾ, ಕೆಲಸ ಮುಗಿದಿದ್ದರೆ ಒಸಿ (ವಾಸಕ್ಕೆ ಅನುಮತಿಸುವ ಪ್ರಮಾಣಪತ್ರ) ಬಂದಿದೆಯಾ ಅಂತ ನೋಡಿ. ಒಸಿ ಬಂದಿಲ್ಲದಿದ್ದರೆ ಶೇ 5 ಜಿಎಸ್‌ಟಿ ಬೇರೆ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಸೇರಿ ಶೇ 7.6ರಷ್ಟು ಹಣ ಕೈಯಲ್ಲಿರಲಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ.

ನಿಮ್ಮ ಸೈಟ್ ಬಗ್ಗೆ ನನಗೆ ಹೆಚ್ಚು ಕಾಳಜಿ. ಸೈಟ್ ಮಾರಿದ ಲಾಭಕ್ಕೆ ತೆರಿಗೆ ಇದೆ. ಆ ಹಣದಲ್ಲಿ ಮನೆ ಕೊಂಡರೆ ವಿನಾಯಿತಿಯೂ ಇದೆ. ಆದರೆ ಪೂರ್ತಿ ವಿನಾಯಿತಿ ಬೇಕಾದರೆ ಲಾಭವನ್ನಷ್ಟೇ ಹಾಕಿದರೆ ಸಾಲದು, ಮಾರಿ ಬಂದ ಇಡೀ ಹಣ ಮನೆಗೆ ಹೋಗಬೇಕು. ಸೈಟ್ ಮಾರುವ ದಿನ ನಿಮ್ಮ ಹೆಸರಲ್ಲಿ ಒಂದಕ್ಕಿಂತ ಜಾಸ್ತಿ ಮನೆ ಇರಬಾರದು. ಎರಡು ವರ್ಷದೊಳಗೆ ಕೊಳ್ಳಬೇಕು. ಪ್ರೀತಿಯಿಂದ ಮಗನೊಬ್ಬನ ಹೆಸರಲ್ಲೇ ಕ್ರಯಪತ್ರ ಮಾಡಿಸಿದರೆ ವಿನಾಯಿತಿಗೇ ತಕರಾರು ಬರುತ್ತದೆ. ನಿಮ್ಮ ಹೆಸರು ಪತ್ರದಲ್ಲಿ ಇರಲೇಬೇಕು. ಸೈಟಿನ ಕ್ರಯಪತ್ರಕ್ಕೆ ಸಹಿ ಹಾಕುವ ಮುಂಚೆಯೇ ಆಡಿಟರ್ ಹತ್ತಿರ ಕೂತು ಮಾತಾಡಿ.

ಇನ್ನೊಂದು ಮಾತು. ನೀವು, ಮನೆಯವರು ಮುಂದೆ ಮಗನ ಜೊತೆ ಇರೋದಾದರೆ ಆ ಕಡಿದಾದ ಮೆಟ್ಟಿಲನ್ನು ಒಮ್ಮೆ ಹತ್ತಿ ಇಳಿದು ನೋಡಿ. ವಯಸ್ಸಾದವರಿರುವ ಮನೆಯವರು ಇಂಥ ಫ್ಲಾಟ್ ಬೇಡ ಅಂತಾರೆ. ಹಾಗಾಗಿ ನಾಳೆ ಮಾರುವಾಗ ಗಿರಾಕಿ ಕಡಿಮೆ. ಈ ಕಾರಣಕ್ಕೂ ದರ ಇಳಿಸಿ ಕೇಳಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದೊಂದು ಎತ್ತರ ಚಾವಣಿಯ ಫ್ಲಾಟ್ ಇದೆ. 2016ರಲ್ಲಿ ಕೊಂಡ ಮೇಲೆ ನಾವೇ ಒಳಗೆ ಕಬ್ಬಿಣದ ಅಂತಸ್ತು ಹಾಕಿಸಿದೆವು. ಈಗ ಮಾರಬೇಕು. ಕೊಳ್ಳುವವರ ಬ್ಯಾಂಕಿನವರು ಅದನ್ನು ಲೆಕ್ಕಕ್ಕೇ ತಗೊಳ್ಳುತ್ತಿಲ್ಲ.
– ಓದುಗರು, ಬೀದರ್

ಉತ್ತರ: ಬ್ಯಾಂಕಿನವರು ಮಾಡಿದ್ದು ಸರಿ. ಮಂಜೂರಾದ ನಕ್ಷೆಯಲ್ಲಿ ಇಲ್ಲದ್ದಕ್ಕೆ ಅವರು ಸಾಲ ಕೊಡಲ್ಲ. ಕ್ರಯಪತ್ರದಲ್ಲೂ ಆ ಅಳತೆ ಸೇರಿಸಬೇಡಿ, ಮೂಲ ಪತ್ರದಲ್ಲಿರುವಷ್ಟೇ ಬರೆಸಿ. ಅಂತಸ್ತನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ, ಭಾರ ತಡೆಯುತ್ತದೆ ಅಂತ ಬರೆಸಿಕೊಳ್ಳಿ. ಕೊಳ್ಳುವವರಿಗೆ ಅದು ನಾವೇ ಹಾಕಿಸಿದ್ದು ಅಂತ ಮುಂಚೆಯೇ ಹೇಳಿಬಿಡಿ. ಮುಚ್ಚಿಟ್ಟರೆ ಕೊನೆ ಗಳಿಗೆಯಲ್ಲಿ ವ್ಯವಹಾರ ಮುರಿಯುತ್ತದೆ.

ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಕೊಳ್ಳುವವರು ಶೇ 1 ಟಿಡಿಎಸ್ (ನಿಮ್ಮ ಲೆಕ್ಕಕ್ಕೆ ಮುಂಚೆಯೇ ಕಟ್ಟುವ ತೆರಿಗೆ) ಹಿಡಿಯುತ್ತಾರೆ, ಗಾಬರಿ ಬೇಡ. ನೀವು 2024ರ ಜುಲೈ 23ಕ್ಕಿಂತ ಮುಂಚೆ ಕೊಂಡವರು. ಲಾಭದ ಮೇಲೆ ಶೇ 12.5 ತೆರಿಗೆ ಒಂದು ಲೆಕ್ಕ, ಹಣದುಬ್ಬರ ಕಳೆದು ಶೇ 20 ಇನ್ನೊಂದು ಲೆಕ್ಕ. ಯಾವುದು ಕಡಿಮೆಯೋ ಅಷ್ಟು ಕಟ್ಟಿದರೆ ಸಾಕು. ಫ್ಯಾಬ್ರಿಕೇಶನ್‌ನವರು ಕೊಟ್ಟ ಬಿಲ್ ಸಿಕ್ಕರೆ ಆ ಖರ್ಚನ್ನೂ ಮನೆಯ ವೆಚ್ಚಕ್ಕೆ ಸೇರಿಸಿ ತೋರಿಸಬಹುದು.